ಮೂವತ್ತಾರರಲ್ಲಿ ಒಂದು ಎಲೆ

ಅಜ್ಜಿಗೆ ಅರವತ್ತು ಹತ್ತಿರವಾಗಿದ್ದಾಗ ಪರೀಕ್ಷೆ ಬಂತು. ಅಕ್ಷರವಂತೂ ಅವಳಿಗೆ ಬರುತ್ತಿರಲಿಲ್ಲ. ಹಲಸೂರು ಕೆರೆಯ ಆಚೀಚಿನ ಬೀದಿಗಳಿಗೆಲ್ಲ ಅವಳೇ ಸೂಲಗಿತ್ತಿ. ಮುಸಲ್ಮಾನರ ಮನೆಗಳಲ್ಲಿ ಅವಳನ್ನು ದಾಯಿ ಎನ್ನುತ್ತಿದ್ದರು, ತಮಿಳರು ಪಾಟಿ ಎಂದು ಕರೆಯುತ್ತಿದ್ದರು. ಯಾರು ಏನೆಂದು ಕರೆದರೂ ಎಲೆಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದಳು. ಅವಳು ಎತ್ತಿಕೊಂಡ ಕೂಸುಗಳು ದೊಡ್ಡವಾಗಿ, ಮದುವೆಯಾಗಿ, ಮತ್ತೆ ಅವಳನ್ನೇ ಕರೆಯಲು ಬರುತ್ತಿದ್ದವು.

ನಾನು ಅವಳ ಮಗಳ ಮಗಳು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಜ್ವರ ಬಂದು ಹೋದಳು ಎಂದು ಮನೆಯಲ್ಲಿ ಹೇಳಿದ್ದರು. ಆಮೇಲೆ ಮನೆಯಲ್ಲಿ ಉಳಿದವರು ಅಜ್ಜಿ, ಅಪ್ಪ, ನಾನು. ಅಪ್ಪ ಸಿಪಾಯಿಗಳ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದ. ಅತ್ತೆ ಅಳಿಯ ಒಂದೇ ಸೂರಿನ ಕೆಳಗಿದ್ದರೂ ನೇರವಾಗಿ ಮಾತಾಡುತ್ತಿರಲಿಲ್ಲ. 'ನಿಮ್ಮಪ್ಪಂಗೆ ಊಟಕ್ಕೆ ಬರಾಕೇಳು' ಎಂದು ಅವಳು, 'ನಿಮ್ಮಜ್ಜಿಗೆ ಸೌದೆ ಬಂದಿದೆ ಅಂತ ಹೇಳು' ಎಂದು ಅವನು, ಎಲ್ಲವೂ ನನ್ನ ಮೂಲಕ. ಅತ್ತೆ ಅಳಿಯಂದಿರ ನಡುವಿನ ಮರ್ಯಾದೆಯೆಂದರೆ ಹೀಗೇ ಇರಬೇಕು ಎಂದು ನಾನು ತಿಳಿದಿದ್ದೆ.

ಯುದ್ಧ ನಡೆಯುತ್ತಿದ್ದ ವರ್ಷಗಳು. ಒಂದು ದಿನ ಸೈಕಲ್ಲಿನಲ್ಲಿ ಒಬ್ಬ ಇನ್ಸ್‌ಪೆಕ್ಟರು ಬಂದು ಬಾಗಿಲಲ್ಲೇ ನಿಂತು ವಿಷಯ ಹೇಳಿದ. ದಂಡಿನ, ಅಂದರೆ ಕಂಟೋನ್ಮೆಂಟಿನ, ಎಲ್ಲೆಯೊಳಗೆ ಇನ್ನು ಮೇಲೆ ಯಾರೆಂದರೆ ಅವರು ಹೆರಿಗೆ ಮಾಡಿಸುವಂತಿಲ್ಲ. ಆಸ್ಪತ್ರೆಯಲ್ಲಿ ಎಂಟು ವಾರ ಪಾಠ ಕೇಳಬೇಕು, ಆಮೇಲೆ ಡಾಕ್ಟರಮ್ಮ ಬಾಯಿಪರೀಕ್ಷೆ ಮಾಡುತ್ತಾರೆ. ಪಾಸಾದವರಿಗೆ ಪರ್ಮಿಟ್ಟು, ಜೊತೆಗೆ ಕತ್ತರಿ, ದಾರ, ಸೋಪು, ಔಷಧದ ಸೀಸೆ ಇರುವ ಒಂದು ತಗಡಿನ ಪೆಟ್ಟಿಗೆ. ಆಗದವರು ಕೆಲಸ ಬಿಡಬೇಕು.

ಅಜ್ಜಿ ಅವನನ್ನೇ ನೋಡುತ್ತಿದ್ದಳು. "ನಿಮ್ಮ ತಾಯಿ ಹಲಸೂರೋರಲ್ವ?" ಎಂದಳು.

"ಹೌದು."

"ನೀನು ಕಾಲು ಮುಂದಾಗಿ ಬಂದೋನು. ಅವತ್ತು ನಾನೇನು ಪಾಸ್ ಮಾಡಿದ್ನಾ?"

ಅವನು ನಗುತ್ತ ಹೆಸರು ಬರೆದುಕೊಂಡು ಹೋದ. ಅಜ್ಜಿ ಮಾತ್ರ ನಗಲಿಲ್ಲ. ಅವತ್ತಿಡೀ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಆ ಕೆಲಸ ಹೋದರೆ ಅವಳಿಗೆ ಏನೂ ಉಳಿಯುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಬೀದಿಯಲ್ಲಿ ಅವಳು ನಡೆದುಹೋದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದದ್ದು ಆ ಕೈಗಳಿಗೆ.

ಪಾಠ ಬ್ಲ್ಯಾಕ್‌ಪಲ್ಲಿಯ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಈಗ ಅದನ್ನು ಶಿವಾಜಿನಗರ ಎನ್ನುತ್ತಾರೆ. ಹಲಸೂರು, ದೊಮ್ಮಲೂರು, ಹೊರಮಾವು, ಎಲ್ಲೆಲ್ಲಿಂದಲೋ ಹೆಂಗಸರು ಬಂದು ವರಾಂಡದಲ್ಲಿ ಕೂರುತ್ತಿದ್ದರಂತೆ. ನರ್ಸಮ್ಮ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿಕೊಡುತ್ತಿದ್ದಳು. ಅಜ್ಜಿ ಮನೆಗೆ ಬಂದ ಮೇಲೆ "ಇವತ್ತು ಏನು ಹೇಳಿದ್ರು?" ಎಂದು ಕೇಳಿದರೆ, "ಕೈ ತೊಳೀಬೇಕಂತೆ" ಎನ್ನುವಳು. ಮರುವಾರವೂ ಅದೇ, ಅದರ ಮರುವಾರವೂ ಅದೇ. ಪಕ್ಕದ ಹೆಂಗಸಿನ ಸೊಸೆಯ ಕಥೆ ಮಾತ್ರ ಅವಳಿಗೆ ಒಂದಕ್ಷರ ಬಿಡದೆ ನೆನಪಿರುತ್ತಿತ್ತು. ಮೂರನೆಯ ವಾರ ಅವಳು ಸೆರಗಿನ ಗಂಟಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದು ನನ್ನ ಮುಂದೆ ಹಾಕಿದಳು. ಮನೆಯಲ್ಲಿ ಓದಬಲ್ಲವರು ಯಾರಾದರೂ ಇದ್ದರೆ ಅಂಥವರಿಗೆ ಅದನ್ನು ಕೊಟ್ಟಿದ್ದರು. ಪ್ರಶ್ನೆ, ಅದರ ಕೆಳಗೆ ಉತ್ತರ, ಒಟ್ಟು ಮೂವತ್ತಾರು.

ನನಗೆ ಆಗ ಹದಿಮೂರು. ಮೂಗಿನ ತುದಿಯಲ್ಲಿ ಕೋಪ, ಅದರ ಮೇಲೆ ಕ್ಲಾಸಿಗೆ ಮೊದಲನೆಯವಳೆಂಬ ಜಂಬ. ನಾನು ಹೀಗೆ ಮೊದಲನೆಯವಳಾಗಿದ್ದಕ್ಕೆ ಒಂದು ಗುಟ್ಟಿತ್ತು. ನಮ್ಮ ಟೀಚರಮ್ಮ ಒಂದು ಉಪಾಯ ಕಲಿಸಿದ್ದರು. ಚೀಟಿಯ ಒಂದು ಮೈಗೆ ಪ್ರಶ್ನೆ, ಇನ್ನೊಂದು ಮೈಗೆ ಉತ್ತರ. ತಿರುವಿ ನೋಡುವ ಮುಂಚೆ ಬಾಯಿಬಿಟ್ಟು ಹೇಳಲೇಬೇಕು, ತಪ್ಪಾದರೂ ಸರಿ. ಸುಮ್ಮನೆ ಓದಿದರೆ ಎಲ್ಲ ಬಂದ ಹಾಗೆ ಅನಿಸುತ್ತದೆ, ಬಂದಿದೆಯೋ ಇಲ್ಲವೋ ಗೊತ್ತಾಗುವುದು ಕೇಳಿದಾಗಲೇ ಎಂದು ಅವರು ಹೇಳುತ್ತಿದ್ದರು. ಅಜ್ಜಿಯನ್ನು ಪಾಸು ಮಾಡಿಸುವುದು ನನಗೇನು ಮಹಾ ಎಂದುಕೊಂಡೆ.

ಕಾಗದಕ್ಕೆ ಆಗ ಬರ. ರಟ್ಟಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅಪ್ಪ ಕ್ಯಾಂಟೀನಿನಿಂದ ಸಿಪಾಯಿಗಳು ಆಡಿ ಬಿಸಾಡಿದ ಇಸ್ಪೀಟು ಎಲೆಗಳನ್ನು ತಂದುಕೊಟ್ಟ. ಕೆಲವಕ್ಕೆ ಮೂಲೆ ಮಡಚಿತ್ತು, ಕೆಲವಕ್ಕೆ ಚಹಾದ ಕಲೆ. ನಾನು ಹುಣಸೆಬೀಜ ಅರೆದು ಕುದಿಸಿ ಅಂಟು ಮಾಡಿದೆ. ಹಳೆಯ ನೋಟ್‌ಬುಕ್ಕಿನ ಖಾಲಿ ಪುಟಗಳನ್ನು ಸಣ್ಣ ಸಣ್ಣ ತುಂಡಾಗಿ ಕತ್ತರಿಸಿ, ಒಂದೊಂದು ಎಲೆಯ ನಡುವೆ ಒಂದೊಂದು ಅಂಟಿಸಿದೆ, ಬೆನ್ನಿಗೂ ಒಂದೊಂದು. ಮೊದಲ ಸಲ ಆಸೆಬುರುಕಿಯಂತೆ ಒಂದೇ ಎಲೆಗೆ ನಾಲ್ಕು ಪ್ರಶ್ನೆ ತುರುಕಿದ್ದೆ. ಅಜ್ಜಿ ಮೊದಲನೆಯದಕ್ಕೆ ಉತ್ತರ ಹೇಳುವಷ್ಟರಲ್ಲಿ ಮೂರನೆಯದನ್ನು ಮರೆಯುತ್ತಿದ್ದಳು. ಅವನ್ನು ಕಿತ್ತುಹಾಕಿ, ಎಲೆಗೆ ಒಂದೇ ಪ್ರಶ್ನೆ, ಒಂದೇ ಸಾಲಿನ ಉತ್ತರ ಎಂದು ಮತ್ತೆ ಬರೆದೆ. ಹೊಕ್ಕುಳಬಳ್ಳಿ ಕತ್ತರಿಸುವ ಮುಂಚೆ ಕತ್ತರಿಯನ್ನು ಏನು ಮಾಡಬೇಕು? ಕುದಿಸಬೇಕು. ಕತ್ತರಿಸಿದ ಜಾಗಕ್ಕೆ ಬೂದಿ ಹಚ್ಚಬಹುದೆ? ಹಚ್ಚಕೂಡದು. ಕೂಸಿನ ಕೈ ಮೊದಲು ಬಂದರೆ? ಆಸ್ಪತ್ರೆಗೆ.

ಲೆಕ್ಕವೂ ಟೀಚರಮ್ಮನದೇ. ತಪ್ಪು ಹೇಳಿದ ಎಲೆ ಮೊರಕ್ಕೆ, ನಾಳೆ ಮತ್ತೆ ಕೇಳಬೇಕು. ಸರಿ ಹೇಳಿದ್ದು ಬಿಸ್ಕತ್ತಿನ ಡಬ್ಬಿಗೆ, ಮೂರು ದಿನ ಬಿಟ್ಟು ಕೇಳಬೇಕು. ಡಬ್ಬಿಯಿಂದ ತೆಗೆದಾಗಲೂ ಸರಿಯಾದರೆ ಗೋಡೆಯ ಗೂಡಿಗೆ, ವಾರಕ್ಕೊಮ್ಮೆ ಕೇಳಿದರೆ ಸಾಕು. ಅಜ್ಜಿಗೆ ಈ ಏರ್ಪಾಡು ಬಹಳ ಹಿಡಿಸಿತು. ಗೂಡಿಗೆ ಹೋದ ಎಲೆಗಳನ್ನು ಅವಳು ಬಡ್ತಿ ಸಿಕ್ಕಿದವರನ್ನು ನೋಡುವ ಹಾಗೆ ನೋಡುತ್ತಿದ್ದಳು.

ಹತ್ತು ದಿನಕ್ಕೆ ಮೊರ ಹೆಚ್ಚುಕಡಿಮೆ ಖಾಲಿಯಾಯಿತು. ಪ್ರಶ್ನೆ ಪೂರ್ತಿ ಓದುವ ಮುಂಚೆಯೇ ಅಜ್ಜಿ ಉತ್ತರ ಹೇಳಿಬಿಡುತ್ತಿದ್ದಳು. ನಾನು ಹಿಗ್ಗಿ ಹೀರೇಕಾಯಿಯಾಗಿ, "ಅಜ್ಜಿ ಎಲ್ಲಾ ಕಲ್ತುಬಿಟ್ಲು" ಎಂದು ಅಪ್ಪನಿಗೆ ಹೇಳಿದೆ. ಅಪ್ಪ "ಹೌದಾ" ಎಂದು ಊಟ ಮಾಡಿದ.

ಮರುದಿನ ನಾನು ಎಲೆಯನ್ನು ಕೈಗೆ ತೆಗೆದುಕೊಂಡೆನೇ ಹೊರತು ಬಾಯಿ ತೆರೆದಿರಲಿಲ್ಲ. ಅಜ್ಜಿ ಅಕ್ಕಿ ಆರಿಸುತ್ತಾ ಕತ್ತೆತ್ತಿ ನೋಡಿ, "ಬೂದಿ ಹಚ್ಚಕೂಡದು" ಎಂದಳು.

ನನ್ನ ಕೈಯಲ್ಲಿದ್ದದ್ದು ರಾಜನ ಎಲೆ. ಕಾಗದದ ತುಂಡು ನಡುವನ್ನಷ್ಟೇ ಮುಚ್ಚಿತ್ತು, ಮೇಲೆ ಕಿರೀಟ ಕಾಣುತ್ತಿತ್ತು. ನನಗೆ ಅನುಮಾನ ಬಂತು. ಅದನ್ನೇ ಹಿಡಿದುಕೊಂಡು ಬೇರೆ ಪ್ರಶ್ನೆ ಕೇಳಿದೆ. "ಉಗುರನ್ನ ಏನು ಮಾಡ್ಬೇಕು?"

"ಬೂದಿ ಹಚ್ಚಕೂಡದು ಅಂದ್ನಲ್ಲ."

"ನಾನು ಕೇಳಿದ್ದು ಉಗುರು ಅಜ್ಜಿ."

"ನೀನು ಉಗುರು ಅಂದ್ರೆ ಆಯ್ತಾ? ಅದು ಕಿರೀಟದೋನು. ಬೂದೀದು. ಉಗುರಿಂದು ಚಾ ಚೆಲ್ಲಿರೋದು."

ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. ಅಜ್ಜಿ ಒಂದು ಪ್ರಶ್ನೆಯನ್ನೂ ಕೇಳಿಸಿಕೊಂಡಿರಲಿಲ್ಲ. ಮಡಚಿದ ಮೂಲೆ, ಕೆಂಪು ಬೀಜ, ಕರಿ ಹೂವು, ಚಹಾದ ಕಲೆ, ಅವಳು ಕಲಿತಿದ್ದು ಅವನ್ನು. ಡಾಕ್ಟರಮ್ಮನ ಕೈಯಲ್ಲಿ ಇಸ್ಪೀಟು ಇರುವುದಿಲ್ಲವಲ್ಲ ಎಂದು ನಾನು ರೇಗಿದೆ. ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ.

"ನಾನು ಇಷ್ಟು ವರ್ಷ ಮುಖ ನೋಡೇ ಕೆಲಸ ಮಾಡಿರೋದು ಮಗಾ. ಹೆಂಗಸು ಬಾಗಿಲಿಗೆ ಬಂದಾಗಲೇ ಹೇಳ್ತೀನಿ, ಇನ್ನು ಎಷ್ಟು ಹೊತ್ತು ಅಂತ. ಅವ್ಳನ್ನೇನು ನಾನು ಪ್ರಶ್ನೆ ಕೇಳ್ತೀನಾ?"

ಅವಳು ಹೇಳಿದ್ದು ಸುಳ್ಳಲ್ಲ ಎಂದು ಈಗ ಅನಿಸುತ್ತದೆ. ಮುಂದೆ ನಾನು ಮೇಷ್ಟರ ಕೆಲಸ ಮಾಡಿದಾಗ ಮಕ್ಕಳಿಗೆ ಎಷ್ಟೋ ಇಂಥ ಚೀಟಿಗಳನ್ನು ಮಾಡಿಸಿದ್ದೇನೆ. ಎಲ್ಲ ಒಂದೇ ಬಣ್ಣ, ಒಂದೇ ಅಳತೆ. ಒಂದರ ಮೂಲೆ ಹರಿದರೂ ಹೊಸದು ಬರೆಸುತ್ತಿದ್ದೆ. ಮಕ್ಕಳಿಗೆ ನಾನೊಬ್ಬಳು ಅತಿರೇಕದವಳಾಗಿ ಕಂಡಿರಬೇಕು.

ಅಂದು ನನಗೆ ತೋಚಿದ್ದು ಒಂದೇ. ಎಲೆಯನ್ನು ಅವಳ ಕಣ್ಣಿಗೆ ಬೀಳಿಸಬಾರದು. ಅವಳ ಬೆನ್ನ ಹಿಂದೆ ಕೂತು ಕೇಳತೊಡಗಿದೆ. ಗೂಡಿನಲ್ಲಿದ್ದ ಎಲೆಗಳೆಲ್ಲ ದಬದಬನೆ ಮೊರಕ್ಕೆ ಇಳಿದವು. ಮತ್ತೆ ಮೊದಲಿನಿಂದ. ಈ ಸಲ ಒಂದು ಕಡೆ ಕೂರಿಸಿ ಕೇಳಲಿಲ್ಲ. ಅವಳು ರಾಗಿ ಬೀಸುವಾಗ ಒಂದು, ನೀರು ಸೇದುವಾಗ ಒಂದು, ನನಗೆ ಜಡೆ ಹಾಕುವಾಗ ಎರಡು. ಪ್ರತಿ ಸಲ ಕಲೆಸಿ, ಹಿಂದುಮುಂದು ಮಾಡಿ. ನಿಧಾನವಾಗಿ ಒಂದೊಂದೇ ಮತ್ತೆ ಗೂಡು ಹತ್ತಿದವು. ಈಗ ಬಂದದ್ದು ನಿಜವಾಗಿ ಬಂದಿತ್ತು.

ಒಂದನ್ನು ಬಿಟ್ಟು. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು? ಉತ್ತರದಲ್ಲಿ ಕಷ್ಟವೇನೂ ಇರಲಿಲ್ಲ. ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು, ಅಷ್ಟೇ. ಅದನ್ನು ಕೇಳಿದಾಗಲೆಲ್ಲ ಅಜ್ಜಿ "ಗೊತ್ತಿಲ್ಲ" ಎನ್ನುತ್ತಿದ್ದಳು. ಇಲ್ಲವೇ ಒಲೆಯ ಮೇಲೆ ಏನೋ ಉಕ್ಕಿತು ಎಂದು ಎದ್ದುಹೋಗುತ್ತಿದ್ದಳು. ಕೂಸಿನ ಕೈ ಮೊದಲು ಬಂದರೆ ಆಸ್ಪತ್ರೆ, ಸೆಳವು ಬಂದರೆ ಆಸ್ಪತ್ರೆ, ಇವೆಲ್ಲ ಬಾಯಿಗೆ ಸಲೀಸಾಗಿ ಬರುತ್ತಿದ್ದವು. ಇದೊಂದು ಬರುತ್ತಿರಲಿಲ್ಲ. ನಾನು ಉತ್ತರ ಓದಿ ಹೇಳುತ್ತಿದ್ದೆ, ಮರುದಿನ ಮತ್ತೆ "ಗೊತ್ತಿಲ್ಲ."

ಒಂದು ಸಂಜೆ ಸ್ಕೂಲಿನಿಂದ ಬಂದು ಎಣಿಸಿದರೆ ಮೂವತ್ತೈದೇ ಇದ್ದವು. ಹೋಗಿದ್ದು ಅದೇ, ಆಟೀನ್ ಎಂಟರ ಮೇಲೆ ಅಂಟಿಸಿದ್ದು. ಮೊರದಡಿ, ಚಾಪೆಯಡಿ ಎಲ್ಲ ಹುಡುಕಿದೆ, ಇಲಿ ಎಳೆದುಕೊಂಡು ಹೋಗಿರಬೇಕೆಂದು ಬೇರೊಂದು ಬರೆದು ಇಸ್ಪೀಟ್ ಐದರ ಮೇಲೆ ಅಂಟಿಸಿದೆ. ಎರಡೇ ದಿನಕ್ಕೆ ಅದೂ ಮಾಯವಾಯಿತು. ಮನೆಯಲ್ಲಿ ಇಷ್ಟು ಎಲೆಗಳಿರುವಾಗ ಇಲಿ ಓದಿ ಓದಿ ಆರಿಸಿಕೊಳ್ಳುವುದಿಲ್ಲ ಎಂಬಷ್ಟು ಬುದ್ಧಿ ನನಗಿತ್ತು.

ಪರೀಕ್ಷೆಗೆ ಇನ್ನು ಐದು ದಿನ. ಭಾನುವಾರ ಬೆಳಿಗ್ಗೆ. ಎಲೆ ಇಲ್ಲದಿದ್ದರೇನಂತೆ ಎಂದು ನಾನು ಬಾಯಲ್ಲೇ ಆ ಪ್ರಶ್ನೆ ಕೇಳಿದೆ. ಅಜ್ಜಿ ಬೀಸುವ ಕಲ್ಲನ್ನು ತಿರುಗಿಸುತ್ತಲೇ "ಗೊತ್ತಿಲ್ಲ" ಎಂದಳು. ಇನ್ನೊಮ್ಮೆ ಕೇಳಿದೆ, ಅದೇ ಉತ್ತರ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಷ್ಟು ದಿನ ಅಂಟು ಅರೆದಿದ್ದು, ಬರೆದಿದ್ದು, ಬೆನ್ನ ಹಿಂದೆ ಕೂತು ಕೂತು ಕಾಲು ಜೋಮು ಹಿಡಿದಿದ್ದು, ಎಲ್ಲ ನೀರಿನಲ್ಲಿ ಹೋಮ ಎನಿಸಿತು.

"ಒಂದು ಮಾತು ನೆನಪಿಟ್ಕೊಳ್ಳಕ್ಕಾಗಲ್ವ ನಿಂಗೆ? ಇಂಥೋರ ಕೈಗೆ ಯಾರಾದ್ರೂ ಮಗಳನ್ನ ಒಪ್ಪಿಸ್ತಾರಾ?"

ಬೀಸುವ ಕಲ್ಲು ನಿಂತಿತು. ಅಜ್ಜಿ ಕೈಗೆ ಮೆತ್ತಿದ್ದ ಹಿಟ್ಟನ್ನು ಒರೆಸಿಕೊಂಡು ಎದ್ದು ಹಿತ್ತಲಿಗೆ ಹೋದಳು. ಅವಳು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರವಾಗುತ್ತಿದ್ದೆ.

ಅಪ್ಪ ಜಗಲಿಯ ಮೇಲಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಮಧ್ಯಾಹ್ನ ಊಟವಾದ ಮೇಲೆ "ಬಾ, ಏರಿ ಮೇಲೆ ಹೋಗಿಬರೋಣ" ಎಂದು ನನ್ನನ್ನು ಕೆರೆಯ ಕಡೆ ಕರೆದುಕೊಂಡು ಹೋದ. ದೋಬಿಗಳು ಬಟ್ಟೆ ಒಣಹಾಕಿದ್ದರು. ನಾವು ಒಂದು ಮರದ ನೆರಳಿನಲ್ಲಿ ಕೂತೆವು. ಅಪ್ಪ ಬೀಡಿ ಹಚ್ಚಿ, ಅರ್ಧ ಸೇದಿ, ಆರಿಸಿದ.

"ನೀನು ಕೇಳ್ತಿರೋ ಪ್ರಶ್ನೆಗೆ ಉತ್ತರ ನಿಮ್ಮಜ್ಜಿಗೆ ಗೊತ್ತು" ಎಂದ. "ಈ ಊರಲ್ಲಿ ಅವರಿಗೆ ಗೊತ್ತಿರೋಷ್ಟು ಯಾರಿಗೂ ಗೊತ್ತಿಲ್ಲ."

ನಾನು ಅವನ ಮುಖ ನೋಡಿದೆ.

"ನಿಮ್ಮಮ್ಮಂಗೆ ಜ್ವರ ಬಂದಿರ್ಲಿಲ್ಲ. ನಿಂಗೆ ತಮ್ಮ ಹುಟ್ಟಿದ್ದ. ಬೆಳಿಗ್ಗೆನೇ ಹೆರಿಗೆ ಆಯ್ತು. ಆಮೇಲೆ ರಕ್ತ ನಿಲ್ಲಲಿಲ್ಲ. ನಾನು ಜಟಕಾ ತರ್ತೀನಿ ಅಂದೆ. ನಿಮ್ಮಜ್ಜಿ, ನಿಲ್ಲುತ್ತೆ, ಎಷ್ಟೋ ಜನಕ್ಕೆ ನಿಲ್ಸಿದ್ದೀನಿ ಅಂದ್ರು. ಕಾಲ ಕೆಳಗೆ ಇಟ್ಟಿಗೆ ಇಟ್ರು, ಹೊಟ್ಟೆಗೆ ಬಟ್ಟೆ ಬಿಗಿದ್ರು, ಕಷಾಯ ಕುಡಿಸಿದ್ರು. ಮಧ್ಯಾಹ್ನ ಆಯ್ತು. ಆಮೇಲೆ ಅವರೇ ಹೇಳಿದ್ರು, ಜಟಕಾ ತಾ ಅಂತ. ತಂದೆ. ಇನ್ನೇನು ಆಸ್ಪತ್ರೆ ಗೇಟು ಕಾಣ್ತಿತ್ತು." ಅವನು ಕೆರೆಯ ಕಡೆ ನೋಡಿದ. "ಮಗೂನೂ ಉಳೀಲಿಲ್ಲ."

ನನಗೆ ಅಳು ಬರಲಿಲ್ಲ. ಬೆಳಿಗ್ಗೆ ನಾನು ಆಡಿದ ಮಾತು ಮಾತ್ರ ಮತ್ತೆ ಮತ್ತೆ ಕಿವಿಯಲ್ಲಿ ಕೇಳುತ್ತಿತ್ತು. "ನಿಂಗೆ ಅಜ್ಜಿ ಮೇಲೆ ಕೋಪ ಬರ್ಲಿಲ್ವ ಅಪ್ಪ?" ಎಂದೆ.

"ಬಂತು. ಮನೆ ಬಿಟ್ಟು ಹೋಗೋಣ ಅಂತಿದ್ದೆ. ನೀನು ಅವರ ಮಡಿಲು ಬಿಟ್ಟು ಇಳೀತಿರ್ಲಿಲ್ಲ. ಹೆಂಗೆ ಹೋಗೋದು?" ಎಂದು ಎದ್ದು ಪಂಚೆ ಕೊಡವಿಕೊಂಡ. ಅವರಿಬ್ಬರ ನಡುವೆ ಇದ್ದದ್ದು ಮರ್ಯಾದೆಯಲ್ಲ ಎಂದು ನನಗೆ ಗೊತ್ತಾದದ್ದು ಅಂದು.

ಅಜ್ಜಿಗೆ ತಪ್ಪಾಯಿತು ಎಂದು ಹೇಳಬೇಕೆಂದು ಮನೆಗೆ ಬಂದೆ. ಹೇಳಲಿಲ್ಲ. ಹದಿಮೂರರ ಹುಡುಗಿಗೆ ಆ ಮಾತು ಹೇಗೆ ಆಡಬೇಕೆಂದು ಯಾರೂ ಎಲೆಯ ಮೇಲೆ ಬರೆದುಕೊಟ್ಟಿರಲಿಲ್ಲ. ಉಳಿದ ದಿನಗಳಲ್ಲಿ ಮೂವತ್ತೈದನ್ನೇ ಕೇಳಿದೆ. ಅಜ್ಜಿ ಮೂವತ್ತೈದಕ್ಕೂ ಸರಿಯಾಗಿ ಉತ್ತರ ಹೇಳಿದಳು. ಡಾಕ್ಟರಮ್ಮ ಆ ಒಂದನ್ನು ಕೇಳದಿರಲಿ ಎಂದು ನಾನು ಸೋಮೇಶ್ವರನಿಗೆ ಹರಕೆ ಹೊತ್ತೆ.

ಪರೀಕ್ಷೆಯ ಹಿಂದಿನ ದಿನ, ಸ್ಕೂಲಿನಿಂದ ಬಂದಾಗ ಅಜ್ಜಿ ಮೊರ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಸುಣ್ಣದ ಡಬ್ಬಿಯ ಹಿಂದಿನಿಂದ ಎರಡು ಎಲೆಗಳನ್ನು ಹೊರಕ್ಕೆ ಎಳೆದು ಮೊರದಲ್ಲಿ ಹಾಕಿದಳು. ಆಟೀನ್ ಎಂಟು, ಇಸ್ಪೀಟ್ ಐದು. ಎರಡಕ್ಕೂ ಸುಣ್ಣ ಮೆತ್ತಿತ್ತು.

"ನಿಮ್ಮಪ್ಪ ಹೇಳಿದ್ನಾ?"

"ಹ್ಞೂಂ."

"ಹಂಗಾರೆ ಕೇಳು."

"ಬೇಡ ಬಿಡಜ್ಜಿ. ಅದನ್ನ ಕೇಳಲ್ಲ ಅವ್ರು."

"ಕೇಳದೆ ಏನು? ಅದನ್ನೇ ಕೇಳ್ತಾರೆ. ಅವ್ರ ಬಾಯಲ್ಲಿ ಕೇಳೋಕೆ ಮುಂಚೆ ನಿನ್ನ ಬಾಯಲ್ಲಿ ಕೇಳ್ಕಬೇಕು ನಾನು. ಕೇಳು."

ಕೇಳಿದೆ. ಎಲೆಯನ್ನು ನೋಡಿಕೊಂಡೇ ಓದಿದೆ, ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಅಜ್ಜಿ ಎಲೆಅಡಿಕೆ ಚೀಲದ ಬಾಯಿ ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ನಾಳೆ ಹೇಳ್ತೀನಿ" ಎಂದು ಎದ್ದು ದೀಪದ ಬತ್ತಿ ಹೊಸೆಯಲು ಹೋದಳು. ಆ ಎಲೆಯನ್ನು ಯಾವುದಕ್ಕೆ ಹಾಕಬೇಕು, ಮೊರಕ್ಕೋ ಡಬ್ಬಿಗೋ ಎಂದು ಗೊತ್ತಾಗದೆ ನಾನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಮರುದಿನ ಸ್ಕೂಲು ತಪ್ಪಿಸಿ ಅವಳ ಜೊತೆ ನಡೆದೆ. ಆಸ್ಪತ್ರೆಯ ವರಾಂಡದಲ್ಲಿ ಹೆಂಗಸರು ಸಾಲಾಗಿ ಕೂತಿದ್ದರು, ಎಲ್ಲರ ಬಾಯಲ್ಲೂ ಎಲೆಅಡಿಕೆ, ಎಲ್ಲರ ಮುಖದಲ್ಲೂ ಭಯ. ಊರಿನ ಅರ್ಧ ಜನವನ್ನು ಭೂಮಿಗೆ ತಂದವರು ಹೀಗೆ ಕುಗ್ಗಿ ಕೂತಿದ್ದರು. ಅಜ್ಜಿಯನ್ನು ಕರೆದಾಗ ನಾನು ಕಿಟಕಿಯ ಪಕ್ಕ ನಿಂತೆ.

ಡಾಕ್ಟರಮ್ಮನ ವಯಸ್ಸು ಹೆಚ್ಚೇನಲ್ಲ, ಕನ್ನಡಕ ಹಾಕಿದ್ದಳು. ಪಕ್ಕದಲ್ಲಿ ನರ್ಸಮ್ಮ. ಕೈ, ಉಗುರು, ಕತ್ತರಿ, ಬೂದಿ, ಕೂಸಿನ ಕಣ್ಣು, ಒಂದಾದ ಮೇಲೊಂದು ಕೇಳಿದಳು. ಅಜ್ಜಿ ಅಕ್ಕಿ ಆರಿಸುವಾಗ ಹೇಳುತ್ತಿದ್ದ ಹಾಗೇ, ಅದೇ ದನಿಯಲ್ಲಿ ಹೇಳಿದಳು. ಡಾಕ್ಟರಮ್ಮ ತಲೆಯಾಡಿಸುತ್ತಾ ಗುರುತು ಹಾಕಿಕೊಂಡಳು.

"ಹೆರಿಗೆ ಆಯ್ತು. ರಕ್ತ ನಿಲ್ತಿಲ್ಲ. ಏನ್ಮಾಡ್ತೀರಮ್ಮ?"

ಅಜ್ಜಿಯ ಕೈ ಸೊಂಟದ ಎಲೆಅಡಿಕೆ ಚೀಲದ ಮೇಲೆ ಹೋಯಿತು. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ನರ್ಸಮ್ಮ ನೆನಪು ಮಾಡಿಕೊಡಲೆಂದು, "ಅಮ್ಮಾ, ಸೊಲ್ಲು, ಹೇಳು, ಹೇಳಿಕೊಟ್ಟಿದ್ದೀನಿ ತಾನೇ" ಎಂದಳು.

"ಜಟಕಾ ತರಿಸ್ತೀನಿ" ಎಂದಳು ಅಜ್ಜಿ. "ಆವಾಗಲೇ. ಇಲ್ಲಿಗೆ ಕರ್ಕೊಂಡು ಬರ್ತೀನಿ."

"ಸ್ವಲ್ಪ ಹೊತ್ತು ನೋಡಲ್ವ? ತಾನೇ ನಿಂತ್ರೂ ನಿಲ್ಲಬಹುದಲ್ಲ?" ಡಾಕ್ಟರಮ್ಮ ಕೇಳಿದ್ದು ಪರೀಕ್ಷೆ ಮಾಡಲೆಂದೇ.

"ನೋಡಿದ್ದೀನಿ ತಾಯಿ" ಎಂದಳು ಅಜ್ಜಿ. "ಒಂದು ಸಲ ನೋಡಿದ್ದೀನಿ. ಇನ್ನು ನೋಡಲ್ಲ."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು. ಆಮೇಲೆ ಪರ್ಮಿಟ್ಟಿಗೆ ಸಹಿ ಹಾಕಿದಳು.

ತಗಡಿನ ಪೆಟ್ಟಿಗೆಯನ್ನು ಅಜ್ಜಿ ನನ್ನ ಕೈಗೆ ಕೊಡಲಿಲ್ಲ, ತಾನೇ ಸೊಂಟದ ಮೇಲಿಟ್ಟುಕೊಂಡು ಹಲಸೂರಿನವರೆಗೆ ನಡೆದಳು. ಅಪ್ಪ ಕ್ಯಾಂಟೀನಿನಿಂದ ಬೇಗ ಬಂದು ಜಗಲಿಯ ಮೇಲೆ ಕೂತಿದ್ದ. ಅಭ್ಯಾಸದಂತೆ ನನ್ನ ಕಡೆ ತಿರುಗಿದವನು, ಯಾಕೋ ನಿಲ್ಲಿಸಿ, "ಪಾಸಾಯ್ತಾ ಅತ್ತೆ?" ಎಂದ.

"ಆಯ್ತಪ್ಪ" ಎಂದಳು ಅಜ್ಜಿ. ಒಳಗೆ ಹೋಗಿ ಅವನಿಗೆ ನೀರು ತಂದುಕೊಟ್ಟಳು. ಅಂದಿನಿಂದ ಅವರಿಬ್ಬರ ಮಾತು ಸಾಗಿಸುವ ಕೆಲಸ ನನಗೆ ಸ್ವಲ್ಪ ಕಡಿಮೆಯಾಯಿತು.

ಆ ದಶಕ ಮುಗಿಯುವ ಮುಂಚೆ ನನಗೆ ಮದುವೆಯಾಯಿತು. ಗಂಡನ ಮನೆ ಕೆ.ಆರ್. ಪುರದಲ್ಲಿ. ಚೊಚ್ಚಲ ಹೆರಿಗೆಗೆ ಹಲಸೂರಿಗೆ ಬಂದಾಗ ಆಸ್ಪತ್ರೆಗೆ ಸೇರಿಸುವುದೆಂದು ಎಲ್ಲರೂ ಮಾತಾಡಿಕೊಂಡಿದ್ದರು. ಅಜ್ಜಿಯೇ ಮೊದಲು ಹಾಗೆ ಹೇಳಿದವಳು. ನಾನು ಒಪ್ಪಲಿಲ್ಲ.

"ನಿನ್ನ ಕೈಯಲ್ಲೇ ಆಗ್ಬೇಕು ಅಜ್ಜಿ."

"ಬೇಡ ಮಗಾ. ನನಗೆ ಧೈರ್ಯ ಇಲ್ಲ. ಬೇರೆಯೋರ ಮಕ್ಕಳಾದ್ರೆ ಸರಿ."

"ಇಂಥೋರ ಕೈಗೆ ಯಾರಾದ್ರೂ ಮಗಳನ್ನ ಒಪ್ಪಿಸ್ತಾರಾ ಅಂತ ಕೇಳಿದ್ದೆ ಒಂದಿನ. ನೆನಪಿದೆಯಾ ನಿಂಗೆ?"

ಅವಳು ತಲೆಯಾಡಿಸಿದಳು. ಮರೆಯುವಂಥ ಮಾತೇ ಅದು?

"ನಾನು ಒಪ್ಪಿಸ್ತೀನಿ" ಎಂದೆ. ಆರು ವರ್ಷದಿಂದ ಹೇಳಲಾಗದ ತಪ್ಪೊಪ್ಪಿಗೆ ನನ್ನ ಬಾಯಿಂದ ಬಂದದ್ದು ಹೀಗೆ. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, ಆಮೇಲೆ ಕತ್ತರಿ ಕುದಿಸಲು ಪಾತ್ರೆ ಹುಡುಕಲು ಹೋದಳು.

ನೋವು ಶುರುವಾದದ್ದು ಒಂದು ಬೆಳಿಗ್ಗೆ. ಅಜ್ಜಿ ನನ್ನ ಮುಖ ನೋಡಿ, "ಊಟದ ಹೊತ್ತಿಗೆ" ಎಂದಳು. ಆಮೇಲೆ ಅಪ್ಪನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಕುದುರೆಯ ಗೊರಸಿನ ಸದ್ದಾಯಿತು. ಜಟಕಾದವನು ಇಳಿದು ಬಂದ.

"ಕಿಧರ್ ಜಾನಾ ಅಮ್ಮಾ? ಎಲ್ಲಿಗೆ ಹೋಗ್ಬೇಕು?"

"ಎಲ್ಲಿಗೂ ಇಲ್ಲಪ್ಪ. ಇಲ್ಲೇ ನಿಂತಿರು."

"ನಿಲ್ಲೋದಾ?"

"ನಿಲ್ಲೋದೇ. ಕುದುರೆ ಬಿಚ್ಚಬೇಡ."

ಅವಳು ಹೇಳಿದಂತೆ ಊಟದ ಹೊತ್ತಿಗೆ ಮಗಳು ಹುಟ್ಟಿದಳು. ಕೂಸನ್ನು ಒರೆಸಿ ಅಪ್ಪನ ಮಡಿಲಿಗೆ ಕೊಟ್ಟು ಅಜ್ಜಿ ನನ್ನ ಪಕ್ಕ ಬಂದು ಕೂತಳು. ಬಟ್ಟೆ ತೆಗೆದು ನೋಡುವಳು, ಬದಲಾಯಿಸುವಳು, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತುವಳು, ಮತ್ತೆ ನೋಡುವಳು. ಊಟಕ್ಕೆ ಏಳಲಿಲ್ಲ, ಎಲೆಅಡಿಕೆ ಹಾಕಲಿಲ್ಲ. ನನಗೆ ಒಂದೆರಡು ಸಲ ಜೋಂಪು ಹತ್ತಿತು. ಎಚ್ಚರವಾದಾಗಲೆಲ್ಲ ಅವಳು ಹಾಗೇ ಕೂತಿದ್ದಳು, ಹೊರಗೆ ಕುದುರೆ ಕಾಲು ಬದಲಾಯಿಸುತ್ತಿತ್ತು.

ಬಿಸಿಲು ಜಗಲಿ ದಾಟಿದ ಮೇಲೆ ಅವಳು ಕೊನೆಯ ಸಲ ಬಟ್ಟೆ ನೋಡಿ, ಮಡಚಿಟ್ಟು, ಎದ್ದು ಬಾಗಿಲಿಗೆ ಹೋದಳು.

"ಇನ್ನು ಹೊರಡಪ್ಪ" ಎಂದಳು.

ಜಟಕಾ ಖಾಲಿಯಾಗಿ ಬೀದಿಯ ಕೊನೆಯವರೆಗೆ ಹೋಗುವ ಸದ್ದು ನನಗೆ ಮಲಗಿದ್ದಲ್ಲಿಗೇ ಕೇಳಿಸಿತು. ಅದು ಕೇಳದಾದ ಮೇಲೆ ಅಜ್ಜಿ ಹೊಸಿಲ ಮೇಲೆ ಕೂತು ತನ್ನ ಮಗಳಿಗಾಗಿ ಅತ್ತಳು.